ನಾನಿಯ ಮನೆಯ ಬೇಸಿಗೆ ಮತ್ತು ಮೂರು ಶೀಸೆ ಇನ್ಸುಲಿನ್

ರಜೆಗೆ ಊರಿಗೆ ಹೊರಟವರು ಮೊದಲು ಬಟ್ಟೆ ತುಂಬುತ್ತಾರೆ. ನನ್ನ ಚೀಲಕ್ಕೆ ಮೊದಲು ಹೋಗುವುದು ಮೂರು ಶೀಸೆ ಇನ್ಸುಲಿನ್, ಒಂದು ಕಟ್ಟು ಸಿರಿಂಜು, ಗ್ಲುಕೋಮೀಟರು, ಎರಡು ಡಬ್ಬಿ ಸ್ಟ್ರಿಪ್, ಗ್ಲುಕೋಸ್ ಪುಡಿ, ಬಿಸ್ಕತ್ತು, ಬಳಸಿದ ಸೂಜಿ ಹಾಕಲು ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಡಾಕ್ಟರ ಚೀಟಿಯ ಎರಡು ಝೆರಾಕ್ಸ್. ಉಳಿದ ಜಾಗದಲ್ಲಿ ಬಟ್ಟೆ. ಆರನೇ ತರಗತಿಯಲ್ಲಿದ್ದಾಗಿನಿಂದ ನನಗೆ ಟೈಪ್ 1 ಡಯಾಬಿಟಿಸ್ ಇದೆ. ನಮ್ಮ ಕ್ಲಾಸಿನ ಕೆಲವರಿಗೆ ಇದು ಗೊತ್ತು. ಗೊತ್ತಿಲ್ಲದವರಿಗೆ ಈಗ ಗೊತ್ತಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಬ್ಬಿನ ತಾಲ್ಲೂಕುಗಳು. ನಮ್ಮ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್, ಸಂಕೇಶ್ವರದಲ್ಲಿ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆ, ಗೋಕಾಕದ ಹೆಸರು ಹೇಳಿದರೆ ಎಲ್ಲರಿಗೂ ನೆನಪಾಗುವುದು ಕರದಂಟು. ಇಂಥ ಊರಿನಲ್ಲಿ ಸಕ್ಕರೆ ಕಾಯಿಲೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ, ‘ಸಣ್ಣಾಕಿ ಇದ್ದಾಗ ಸಿಹಿ ಭಾಳ ತಿಂತಿದ್ದೇನವಾ?’ ಅಲ್ಲ. ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಇನ್ಸುಲಿನ್ ತಯಾರಾಗುವುದು ಅಲ್ಲೇ. ಕೋಶಗಳು ಹೋದ ಮೇಲೆ ಅದನ್ನು ಹೊರಗಿನಿಂದ ಕೊಡಲೇಬೇಕು, ಮಾತ್ರೆಯಲ್ಲಿ ಕೊಟ್ಟರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ, ಆದ್ದರಿಂದ ಸೂಜಿ. ಟೊರಾಂಟೊದಲ್ಲಿ 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಇಂಜೆಕ್ಷನ್ ಕೊಟ್ಟರು. ಅದಕ್ಕೆ ಮುಂಚೆ ನನ್ನಂಥ ಮಕ್ಕಳು ಹೆಚ್ಚು ದಿನ ಬದುಕುತ್ತಿರಲಿಲ್ಲ. ನಾವು ಮಕ್ಕಳ ದಿನ ಆಚರಿಸುವ ನವೆಂಬರ್ 14 ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಹುಟ್ಟಿದ ದಿನವೂ ಹೌದು, ವಿಶ್ವ ಮಧುಮೇಹ ದಿನವೂ ಹೌದು. ಶಾಲೆಯಲ್ಲಿ ಆ ದಿನ ಹಂಚುತ್ತಿದ್ದ ಚಾಕಲೇಟನ್ನು ನಾನು ಲೋ ಆದಾಗ ಇರಲಿ ಎಂದು ಎತ್ತಿಡುತ್ತಿದ್ದೆ.

ಕಾಯಿಲೆ ಗೊತ್ತಾದ ಮೇಲೆ ಎರಡು ಬೇಸಿಗೆ ಅಮ್ಮಿ ನನ್ನನ್ನು ಎಲ್ಲಿಗೂ ಕಳಿಸಲಿಲ್ಲ. ನಾನಿಯ ಊರು ಮೂಡಲಗಿ ತಾಲ್ಲೂಕಿನ ಒಳಗಿನ ಹಳ್ಳಿ. ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಬಿಸಿಲು ನಲವತ್ತರ ಹತ್ತಿರ ಹೋಗುತ್ತದೆ, ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ತಮ್ಮ ಹೋದ, ಖಾಲಾನ ಮಕ್ಕಳು ಹೋದರು, ನಾನು ಗೋಕಾಕದಲ್ಲಿ ಫ್ರಿಜ್ಜಿನ ಪಕ್ಕ ಉಳಿದೆ. ಫೋನಿನಲ್ಲಿ ಅವರು ಮಾವಿನ ತೋಪಿನ ಸುದ್ದಿ ಹೇಳಿದಾಗಲೆಲ್ಲ ಕಾಯಿಲೆಗಿಂತ ಫ್ರಿಜ್ಜಿನ ಮೇಲೆ ಸಿಟ್ಟು ಬರುತ್ತಿತ್ತು. ಈ ಸಲ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ನಾನೇ ಡಾಕ್ಟರನ್ನು ಕೇಳಿದೆ. ‘ಹೋಗು. ಔಷಧ ತಣ್ಣಗಿಡೋ ವ್ಯವಸ್ಥೆ ಮಾಡ್ಕೊಂಡು ಹೋಗು’ ಎಂದರು.

ಇನ್ಸುಲಿನ್ ಒಂದು ಪ್ರೋಟೀನು. ಜೀವಶಾಸ್ತ್ರದವರು ಓದಿರುತ್ತೀರಿ: 21 ಅಮಿನೊ ಆಮ್ಲಗಳ ಒಂದು ಸರಪಳಿ, 30ರ ಇನ್ನೊಂದು, ಒಟ್ಟು 51. ಆ ಸರಪಳಿಗಳು ಮಡಿಚಿಕೊಂಡಿರುವ ಆಕಾರದಲ್ಲೇ ಅದರ ಶಕ್ತಿಯಿದೆ. ಬಿಸಿ ಹೆಚ್ಚಾದರೆ ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟುತ್ತವೆ. ಬೇಯಿಸಿದ ಮೊಟ್ಟೆಯನ್ನು ಮತ್ತೆ ಹಸಿ ಮಾಡಲು ಆಗುವುದಿಲ್ಲವಲ್ಲ, ಹಾಗೆಯೇ ಕೆಟ್ಟ ಇನ್ಸುಲಿನ್ನನ್ನು ಮತ್ತೆ ತಣ್ಣಗೆ ಮಾಡಿ ಸರಿಪಡಿಸಲಾಗದು. ತೊಂದರೆಯೆಂದರೆ ಅದು ಕೆಟ್ಟಿದೆಯೆಂದು ನೋಡಿದರೆ ಯಾವಾಗಲೂ ತಿಳಿಯುವುದಿಲ್ಲ. ತಿಳಿಯಾಗಿರಬೇಕಾದದ್ದು ಮಂಕಾದರೆ, ನನ್ನದರಂತೆ ಹಾಲಿನ ಬಣ್ಣದ್ದು ಅಲುಗಾಡಿಸಿದರೂ ಬೆರೆಯದೆ ಗಂಟುಗಂಟಾಗಿ ಉಳಿದರೆ ಬಿಸಾಡಬಹುದು. ಆದರೆ ಎಷ್ಟೋ ಸಲ ಶೀಸೆ ಚೆನ್ನಾಗಿಯೇ ಕಾಣುತ್ತದೆ, ಶುಗರ್ ಮಾತ್ರ ಇಳಿಯುವುದಿಲ್ಲ. ತೆರೆಯದ ಶೀಸೆ 2ರಿಂದ 8 ಡಿಗ್ರಿಯಲ್ಲಿರಬೇಕು. ತೆರೆದದ್ದನ್ನು 25ರಿಂದ 30 ಡಿಗ್ರಿಯೊಳಗಿನ ತಣ್ಣನೆ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಟ್ಟುಕೊಳ್ಳಬಹುದು; ಡಬ್ಬಿಯ ಮೇಲೆ ಬರೆದಿರುತ್ತದೆ. ಬೈಕಿನ ಡಿಕ್ಕಿ, ಬಿಸಿಲಿಗೆ ನಿಲ್ಲಿಸಿದ ಕಾರು, ಬಸ್ಸಿನ ಟಾಪು ಇದಕ್ಕೆ ಜಾಗವಲ್ಲ. ಗೋಕಾಕದಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಶೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟು, ಮಡಿಲಲ್ಲೇ ಇಟ್ಟುಕೊಂಡಿದ್ದೆ. ಪಕ್ಕದ ಸೀಟಿನ ಅಜ್ಜಿ ‘ಬುತ್ತಿ ಏನದ?’ ಎಂದು ಕೇಳಿದರು. ಬುತ್ತಿಯೇ ಎಂದೆ.

ನಾನಿಗೆ ಮೊದಲು ಬೇಕಾಗಿದ್ದ ಉತ್ತರ ತಣ್ಣಗಿಡುವುದರ ಬಗ್ಗೆ ಅಲ್ಲ. ‘ಅದು ಯಾವುದರಿಂದ ಮಾಡಿದ್ದು?’ ಎಂದರು. (ನಮ್ಮ ಮನೆಯ ಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಯಾರೋ ಅವರಿಗೆ ಹಂದಿಯದು ಎಂದು ಹೇಳಿದ್ದರಂತೆ. ಆ ಮಾತು ಪೂರ್ತಿ ಸುಳ್ಳಲ್ಲ, ಹಳೆಯದು. ಮೊದಲ ಆರು ದಶಕ ಇನ್ಸುಲಿನ್ ತೆಗೆಯುತ್ತಿದ್ದದ್ದು ದನ ಮತ್ತು ಹಂದಿಯ ಮೇದೋಜೀರಕದಿಂದ. 1982ರಲ್ಲಿ ಮನುಷ್ಯನ ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ ತಯಾರಿಸಿದ ಇನ್ಸುಲಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ ಪಿಕಿಯಾ ಎಂಬ ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಯೀಸ್ಟ್ ಅಂದರೆ ನಾನ್ ರೊಟ್ಟಿ ಉಬ್ಬಿಸುವ ಜಾತಿಯದ್ದು ಎಂದು ವಿವರಿಸಿದೆ. ನಾನಿ ಶೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ‘ಹಾಲಿನ ಹಾಗೇ ಇದೆ’ ಎಂದು ಕೈಗೆ ಕೊಟ್ಟರು. ರೋಜಾದ ಮಾತೂ ಅಂದೇ ಬಂತು. ಟೈಪ್ 1 ಇದ್ದವರು ಉಪವಾಸ ಹಿಡಿದರೆ ಅಪಾಯ ಹೆಚ್ಚು ಎಂದು ಡಾಕ್ಟರು ಹೇಳುತ್ತಾರೆ, ನಾನು ಹಿಡಿಯುವುದಿಲ್ಲ. ಸೂರಾ ಬಕರಾದಲ್ಲಿ ರೋಗಿಗಳಿಗೆ, ಪ್ರಯಾಣಿಕರಿಗೆ ರಿಯಾಯಿತಿ ಇದೆ ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವರೇ ನಾನಿ. ಆದರೂ ರಂಜಾನ್ ತಿಂಗಳಲ್ಲಿ ಹಗಲು ಊಟ ಮಾಡುವ ಹುಡುಗಿಯನ್ನು ಬಾಗಿಲು ಹಾಕಿ ಕೂರಿಸುವ ಮನೆಗಳಿವೆ. ನಾನಿ ಮಾತ್ರ, ‘ಅಲ್ಲಾಹ್ ಕೊಟ್ಟ ಸವಲತ್ತನ್ನು ಯಾಕೆ ಮುಚ್ಚಿಟ್ಟುಕೊಂಡು ತಿನ್ನಬೇಕು?’ ಎಂದರು.

ಇನ್ನು ಗಡಿಗೆಯ ವಿಷಯ. ಕುಂಬಾರರ ಮನೆಯಿಂದ ದೊಡ್ಡ ಬಾಯಿಯ ಒಂದು ಹರವಿ, ಅದರೊಳಗೆ ಕೂರುವಂಥ ಸಣ್ಣ ಗಡಿಗೆ ತಂದೆವು. ಎರಡರ ನಡುವೆ ಉಸುಕು ತುಂಬಿ, ಉಸುಕಿಗೆ ನೀರು ಹಾಕಿ, ಬಾಯಿಗೆ ಒದ್ದೆ ಗೋಣಿತಟ್ಟು. ಸಣ್ಣ ಗಡಿಗೆಯಲ್ಲಿ ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯಲ್ಲಿ ಶೀಸೆಗಳು. ಶೀಸೆಗೆ ನೀರು ತಾಗಬಾರದು. ಉಸುಕಿನ ನೀರು ಹರವಿಯ ಮೈಯಿಂದ ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಹರವಿಯ ನೀರು ತಣ್ಣಗಿರುವುದೂ, ಬೆವರು ಆರಿದಾಗ ಮೈ ತಂಪಾಗುವುದೂ ಇದೇ ಲೆಕ್ಕ. ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಎಂಬ ಅಧ್ಯಾಪಕರು, ಕುಂಬಾರರ ಮನೆತನದವರೇ, 1990ರ ದಶಕದಲ್ಲಿ ಕರೆಂಟಿಲ್ಲದ ಹಳ್ಳಿಗಳ ತರಕಾರಿಗಾಗಿ ಇಂಥ ಜೋಡಿ ಗಡಿಗೆಯನ್ನು ಹಂಚಿದರು. ಮೂರೇ ದಿನಕ್ಕೆ ಬಾಡುತ್ತಿದ್ದ ಬದನೆಕಾಯಿ ಅದರಲ್ಲಿ ವಾರಗಟ್ಟಲೆ ಉಳಿಯಿತು. ಅವರಿಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಮ್ಮ ಕಡೆ ಇದಕ್ಕೆ ಅನುಕೂಲವೆಂದರೆ ಬೇಸಿಗೆಯ ಗಾಳಿ ಒಣಗಿರುತ್ತದೆ. ಮಂಗಳೂರಿನಂಥ ಸೆಖೆಯ ಊರಿನಲ್ಲಿ ನೀರು ಅಷ್ಟು ಬೇಗ ಆವಿಯಾಗದು, ಗಡಿಗೆಯೂ ಅಷ್ಟು ತಣ್ಣಗಾಗದು.

ಅಬ್ಬಾ ಕೊಟ್ಟ ಸಣ್ಣ ಥರ್ಮಾಮೀಟರನ್ನು ಗಡಿಗೆಯೊಳಗೆ ಇಟ್ಟು ನೋಡಿದೆ. ಪಡಸಾಲೆಯಲ್ಲಿ 38 ಇದ್ದಾಗ ಒಳಗೆ 27. ಫ್ರಿಜ್ಜಿನಷ್ಟು ಅಲ್ಲ. ಆದರೆ 10 ಮಿಲಿ ಶೀಸೆಯಲ್ಲಿ 400 ಯೂನಿಟ್ ಇರುತ್ತದೆ, ನನಗೆ ಎರಡು ವಾರವೂ ಬರುವುದಿಲ್ಲ. ಮೂರನ್ನೂ ಈ ಗಡಿಗೆಯಲ್ಲೇ ಇಟ್ಟು ನಾಲ್ಕು ವಾರದೊಳಗೆ ಮುಗಿಸಬಹುದು, ಉಳಿದದ್ದನ್ನು ವಾಪಸ್ ಹೋದ ಮೇಲೆ ಬಳಸಬಾರದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೀನ್ಯಾದ ಡಗಹಾಲೆ ನಿರಾಶ್ರಿತರ ಶಿಬಿರದ ತಾಪಮಾನವನ್ನು ಆಧರಿಸಿ, ದಿನವೂ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಬಿಸಿಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್ ಶಕ್ತಿ ಕಳೆದುಕೊಂಡಿರಲಿಲ್ಲ ಎಂದು ಗಡಿರಹಿತ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ್ದಾರೆ. ಅದನ್ನು ಓದಿದ ಮೇಲೆ ಅಮ್ಮಿಗೆ ಸ್ವಲ್ಪ ನಿದ್ದೆ ಬಂತು.

ಆದರೂ ಒಂದು ಶೀಸೆ ಹೋಯಿತು, ಬಿಸಿಲಿಗಲ್ಲ, ಪ್ರೀತಿಗೆ. ಪಕ್ಕದ ಮನೆಗೆ ಹೊಸ ಫ್ರಿಜ್ ಬಂದಿತ್ತು. ‘ಗಡಿಗ್ಯಾಗ ಯಾಕ ಇಡ್ತೀರಿ, ನಮ್ಮಲ್ಲಿ ಇಡೂಣು’ ಎಂದು ಆ ಮನೆಯ ಕಾಕಿ ನಾವಿಲ್ಲದಾಗ ಒಂದು ಶೀಸೆ ಒಯ್ದು, ಇನ್ನೂ ತಣ್ಣಗಿರಲೆಂದು ಐಸ್ ಖಾನೆಯಲ್ಲಿ ಇಟ್ಟರು. ಮರುದಿನ ಅದು ಗಟ್ಟಿಯಾಗಿತ್ತು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಂಬುವ ಹಾಗಿಲ್ಲ. ಕಾಕಿ ಮುಖ ಸಣ್ಣ ಮಾಡಿಕೊಂಡರು. ಫ್ರಿಜ್ಜಿನ ಬಾಗಿಲಿನ ಖಾನೆಯಲ್ಲಿ ಇಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

ಔಷಧಕ್ಕಿಂತ ಮೈಯನ್ನು ಸಂಭಾಳಿಸುವುದು ಕಷ್ಟ. ಬಿಸಿಲಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಚುಚ್ಚಿದ ಇನ್ಸುಲಿನ್ ಬೇಗ ರಕ್ತಕ್ಕೆ ಸೇರುತ್ತದೆ, ಶುಗರ್ ಥಟ್ಟನೆ ಇಳಿಯಬಹುದು. ನೀರು ಕಡಿಮೆ ಕುಡಿದರೆ ಉಲ್ಟಾ, ಶುಗರ್ ಏರುತ್ತದೆ. ಏರಿದರೆ ಮೂತ್ರ ಹೆಚ್ಚು, ಮೈಯ ನೀರು ಇನ್ನೂ ಕಡಿಮೆ. ಹೀಗಾಗಿ ಗೋಕಾಕದಲ್ಲಿ ದಿನಕ್ಕೆ ಮೂರು ಸಲ ಬೆರಳು ಚುಚ್ಚುವವಳು ಅಲ್ಲಿ ಆರು ಸಲ ಚುಚ್ಚಿಕೊಂಡೆ. ಒಂದು ಮಧ್ಯಾಹ್ನ ಮೀಟರೇ ‘ಎರರ್’ ತೋರಿಸಿತು. ಅದಕ್ಕೂ ಸುಮಾರು 40 ಡಿಗ್ರಿಯ ಮಿತಿ ಇದೆ, ಒಳಕೋಣೆಯಲ್ಲಿ ಹತ್ತು ನಿಮಿಷ ಇಟ್ಟ ಮೇಲೆ ಸರಿಯಾಯಿತು. ಹೊಲಕ್ಕೆ ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಐದರ ಮೇಲೆ. ಕಾಲಿಗೆ ಚಪ್ಪಲಿ ಇಲ್ಲದೆ ಅಂಗಳಕ್ಕೂ ಇಳಿಯುತ್ತಿರಲಿಲ್ಲ, ಕಾಲಿನ ಗಾಯ ನಮಗೆ ಹಗುರದ ವಿಷಯವಲ್ಲ. ಮಜ್ಜಿಗೆ ಬೇಕಾದಷ್ಟು. ಜೋಳದ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ ನನ್ನ ಮೀಟರಿಗೆ ಬಹಳ ಒಗ್ಗುವ ಊಟ. ಮಾವಿನ ಹಣ್ಣು? ತಿಂದೆ. ಎರಡು ಹೋಳು, ಊಟದ ಜೊತೆ, ಲೆಕ್ಕ ಹಿಡಿದು. ಎರಡು ವರ್ಷ ಕಾದ ಹಣ್ಣು ಅದು.

ಮೇ ತಿಂಗಳಲ್ಲಿ ಹುಕ್ಕೇರಿಯಲ್ಲಿ ದೊಡ್ಡ ಖಾಲಾನ ನೆಂಟರ ಮನೆಯ ಮದುವೆ. ಅಲ್ಲಿ ಫ್ರಿಜ್ಜಿನ ಚಿಂತೆ ಇರಲಿಲ್ಲ. ‘ನಮ್ಮ ಕರೆಂಟು ನಮ್ಮದೇ ಸೊಸೈಟಿಯದು’ ಎಂದು ಖಾಲು ಹೆಮ್ಮೆಯಿಂದ ಹೇಳುತ್ತಾರೆ. ನಿಜ, 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಂಥದ್ದು ಕರ್ನಾಟಕದಲ್ಲಿ ಇನ್ನೊಂದಿಲ್ಲ. ಸಿರಿಂಜು ಮುಗಿದಿತ್ತು, ಒಂದು ಅಂಗಡಿಗೆ ಹೋದೆ. ಅವರು ಕಿತ್ತಳೆ ಬಣ್ಣದ ಟೋಪಿಯ ಸಿರಿಂಜು ಕೊಟ್ಟು ‘ಎಲ್ಲಾ ಒಂದೇ’ ಎಂದರು. ಒಂದೇ ಅಲ್ಲ. ನಮ್ಮ ದೇಶದ ಶೀಸೆಗಳಲ್ಲಿ ಹೆಚ್ಚಿನವು ಮಿಲಿಗೆ 40 ಯೂನಿಟ್‌ನವು, ಅದಕ್ಕೆ ಕೆಂಪು ಟೋಪಿಯ ಸಿರಿಂಜು. ಕಿತ್ತಳೆಯದು ಮಿಲಿಗೆ 100 ಯೂನಿಟ್‌ನದಕ್ಕೆ. ನನ್ನ ಶೀಸೆಯಿಂದ ಕಿತ್ತಳೆ ಸಿರಿಂಜಿನ 10ರ ಗೆರೆಯವರೆಗೆ ಎಳೆದರೆ ಬರುವುದು ಬರೀ 4 ಯೂನಿಟ್. 100ರ ಶೀಸೆಯಿಂದ ಕೆಂಪು ಸಿರಿಂಜಿಗೆ 10 ಎಳೆದರೆ 25 ಯೂನಿಟ್ ಒಳಗೆ ಹೋಗುತ್ತದೆ, ಅದು ಜೀವಕ್ಕೇ ಅಪಾಯ. ಗಣಿತದವರು ಲೆಕ್ಕ ಹಾಕಿ ನೋಡಿ. ಮನೆಯಲ್ಲಿ ಅಜ್ಜ ಅಜ್ಜಿಗೆ ಇನ್ಸುಲಿನ್ ಇದ್ದರೆ ಇವತ್ತೇ ಟೋಪಿಯ ಬಣ್ಣ ನೋಡಿ. ನಾನು ಮುಂದಿನ ಅಂಗಡಿಗೆ ಹೋಗಿ ಕೆಂಪು ತಂದೆ.

ಮದುವೆಗೆ ಹೊರಡುವ ಮೊದಲು ಖಾಲಾ ನನ್ನನ್ನು ಒಳಗೆ ಕರೆದು ಮೆಲ್ಲಗೆ ಹೇಳಿದರು: ಅಲ್ಲಿ ಯಾರಿಗೂ ಹೇಳಬೇಡ ಬೇಟಿ, ನಾಲ್ಕು ಜನ ಸೇರುವ ಜಾಗ, ನಾಳೆ ನಿನಗೂ ಸಂಬಂಧ ನೋಡಬೇಕು. ಅವರದು ಕೆಟ್ಟ ಮನಸ್ಸಲ್ಲ. ಹೆಣ್ಣುಮಕ್ಕಳ ಕಾಯಿಲೆ ಮುಚ್ಚಿಡುವುದನ್ನು ಅವರು ತಮ್ಮ ಖಾಲಾರಿಂದ ಕಲಿತಿದ್ದಾರೆ. ಹಾಗಾಗಿ ಬೆಳಗಿನ ಸೂಜಿಯನ್ನು ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಚುಚ್ಚಿಕೊಂಡೆ. ವಿಷಯ ಗೊತ್ತಿದ್ದದ್ದು ನನ್ನ ಜೊತೆಗಿದ್ದ ಆಪಾಗೆ ಮಾತ್ರ, ಖಾಲಾನ ಮಗಳು.

ಬೆಳಿಗ್ಗೆಯ ನನ್ನ ಮಿಶ್ರ ಇನ್ಸುಲಿನ್‌ನ ಒಂದು ಭಾಗ ಮಧ್ಯಾಹ್ನದ ಹೊತ್ತಿಗೆ ಜೋರಾಗಿ ಕೆಲಸ ಮಾಡುತ್ತದೆ. ಆಗ ಹೊಟ್ಟೆಯಲ್ಲಿ ಊಟ ಇರಲೇಬೇಕು. ಒಂದು ಗಂಟೆಗೆ ಊಟ ಎಂದಿದ್ದರು. ಗಂಡಿನ ಕಡೆಯವರ ಬಸ್ಸು ತಡವಾಯಿತು, ನಿಕಾಹ್ ತಡವಾಯಿತು, ಗಂಡಸರ ಪಂಕ್ತಿ ಮುಗಿದು ಹೆಂಗಸರದ್ದು ಏಳಬೇಕು. ಕೈಯಲ್ಲಿದ್ದ ಬಿಸ್ಕತ್ತನ್ನು ಒಂದು ಗಂಟೆಗೇ ತಿಂದಿದ್ದೆ. ಗ್ಲುಕೋಸ್ ಪುಡಿ ಇದ್ದ ಚೀಲ ಎಲ್ಲರ ಚೀಲಗಳ ಜೊತೆ ಒಂದು ಕೋಣೆಯಲ್ಲಿ. ಒಡವೆಗಳಿವೆಯೆಂದು ಮನೆಯವರು ಅದಕ್ಕೆ ಕೀಲಿ ಹಾಕಿ, ಕೀಲಿ ಇದ್ದವರು ಐಸ್ ತರಲು ಹೋಗಿದ್ದರು. ತಗಡಿನ ಶಾಮಿಯಾನದ ಕೆಳಗೆ ನಾನು ಬೆವರತೊಡಗಿದೆ. ಅಲ್ಲಿ ಎಲ್ಲರೂ ಬೆವರುತ್ತಿದ್ದರು. ಶುಗರ್ ಇಳಿದಾಗಿನ ಬೆವರು ತಣ್ಣಗಿರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ಆದರೆ ನೋಡುವವರಿಗೆ ಅದೂ ಬಿಸಿಲೇ. ಒಬ್ಬರು ನೆತ್ತಿಗೆ ನೀರು ತಟ್ಟಿದರು. ಒಬ್ಬರು ಬೀಸಣಿಗೆ ಬೀಸಿದರು. ‘ಗೋಕಾಕದ ಹುಡುಗಿ, ಬಿಸಿಲು ತಡೀಲಿಲ್ಲ’ ಎಂದು ಯಾರೋ ನಕ್ಕರು. ಇನ್ನೊಬ್ಬರು ಶಕ್ತಿ ಬರಲಿ ಎಂದು, ನಾವೇ ಗೋಕಾಕದಿಂದ ಒಯ್ದಿದ್ದ ಕರದಂಟಿನ ತುಂಡನ್ನು ಬಾಯಿಗೆ ಹಿಡಿದರು.

ಕರದಂಟು ಒಳ್ಳೆಯ ತಿಂಡಿ, ನಮ್ಮೂರ ಹೆಮ್ಮೆ. ಆದರೆ ಈ ಹೊತ್ತಿಗಲ್ಲ. ಬೆಲ್ಲದ ಜೊತೆ ತುಪ್ಪದಲ್ಲಿ ಕರಿದ ಅಂಟು, ಗೋಡಂಬಿ, ಬಾದಾಮಿ, ಒಣಕೊಬ್ಬರಿ ಇರುತ್ತವೆ. ಆ ಕೊಬ್ಬು ಸಕ್ಕರೆಯನ್ನು ತಡೆದು ನಿಧಾನವಾಗಿ ರಕ್ತಕ್ಕೆ ಬಿಡುತ್ತದೆ. ಇಳಿದ ಶುಗರಿಗೆ ಬೇಕಾದ್ದು ನೀರಿನಲ್ಲಿ ಕರಗಿದ ಬರೀ ಸಕ್ಕರೆ, ಮೂರು ಚಮಚ, ತಕ್ಷಣ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಮತ್ತೆ ಅಷ್ಟೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಆಸ್ಪತ್ರೆಗೆ ಓಡಬೇಕು. ಇದೆಲ್ಲ ನನಗೆ ಬಾಯಿಪಾಠ, ಆದರೆ ಆಗ ಹೇಳಲು ನಾಲಿಗೆ ಹೊರಳಲಿಲ್ಲ. ಆಪಾ ಜನರನ್ನು ಸರಿಸಿಕೊಂಡು ಬಂದು, ‘ಇವಳಿಗೆ ಶುಗರ್ ಇದೆ, ಇನ್ಸುಲಿನ್ ತಗೋತಾಳೆ, ಶರಬತ್ತು ಕೊಡ್ರಿ!’ ಎಂದು ಇಡೀ ಶಾಮಿಯಾನಕ್ಕೆ ಕೇಳುವಂತೆ ಕೂಗಿದಳು. ಗುಲಾಬಿ ಬಣ್ಣದ ಶರಬತ್ತು ಬಂತು. ಒಂದು ಲೋಟ ಕುಡಿದೆ. ಕೋಣೆ ತೆರೆದು ಮೀಟರ್ ತಂದು ನೋಡಿದಾಗ 48. ಹದಿನೈದು ನಿಮಿಷದ ಮೇಲೆ 82. ಆಮೇಲೆ ನನ್ನನ್ನೇ ಮೊದಲು ಕೂರಿಸಿ ಬಿರಿಯಾನಿ ಬಡಿಸಿದರು.

ಖಾಲಾನ ಮುಖ ಬಾಡಿತ್ತು. ನಾಲ್ಕು ಜನಕ್ಕೆ ಗೊತ್ತಾಗಬಾರದು ಎಂದದ್ದು ನಾನೂರು ಜನಕ್ಕೆ ಗೊತ್ತಾಯಿತು. ‘ಪಾಪ, ಇಷ್ಟು ಸಣ್ಣ ವಯಸ್ಸಿಗೆ’ ಎಂದವರಿದ್ದರು. ಮುಂದೆ ಸಂಬಂಧಕ್ಕೆ ತೊಂದರೆಯಾಗುತ್ತದೋ ಇಲ್ಲವೋ ನನಗೆ ತಿಳಿಯದು. ಇದನ್ನು ಕೇಳಿ ಹಿಂದೆ ಸರಿಯುವ ಮನೆಗೆ ನಾನು ಹೋಗದಿರುವುದೇ ಲೇಸು ಎಂದು ಅಬ್ಬಾ ಫೋನಿನಲ್ಲಿ ಹೇಳಿದರು, ಅಮ್ಮಿ ಏನೂ ಹೇಳಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಏಪ್ರಿಲ್‌ನ ಬಿಸಿಲಿಗೆ ಗಡಿಗೆ ಇದೆ, ಒದ್ದೆ ಗೋಣಿತಟ್ಟು ಇದೆ. ಮುಚ್ಚಿಟ್ಟ ಕಾಯಿಲೆಗೆ ಅಂಥದ್ದೇನೂ ಇಲ್ಲ. ಆಪಾ ಒಬ್ಬಳಿಗೂ ಗೊತ್ತಿಲ್ಲದಿದ್ದರೆ ನೆತ್ತಿಗೆ ನೀರು ತಟ್ಟುತ್ತಲೇ ಇರುತ್ತಿದ್ದರು. ಕಾಲೇಜು ಶುರುವಾದ ವಾರವೇ ನನ್ನ ಬೆಂಚಿನವರಿಗೆಲ್ಲ ಗ್ಲುಕೋಸ್ ಪುಡಿ ಯಾವ ಖಾನೆಯಲ್ಲಿದೆ ಎಂದು ತೋರಿಸಿದ್ದೇನೆ. ಪಿ.ಟಿ. ಸರ್‌ಗೂ, ಮೇಲ್ವಿಚಾರಕರಿಗೂ ಹೇಳಿದ್ದೇನೆ. ಪರೀಕ್ಷೆಯ ನಡುವೆ ನಾನು ಬಿಸ್ಕತ್ತು ತಿಂದರೆ ಅದು ಕಾಪಿ ಚೀಟಿಯಲ್ಲ.

ಅಂದು ಸಂಜೆ ಹೆಂಗಸರ ಕೋಣೆಯಲ್ಲಿ ಮೂವರು ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ಕೂತರು. ಒಬ್ಬರು ಸೆರಗಿನ ಮರೆಯಿಂದ ತಮ್ಮದೇ ಸಿರಿಂಜು ತೋರಿಸಿದರು. ಆರು ವರ್ಷದಿಂದ ಸೊಸೆಗೂ ಗೊತ್ತಿಲ್ಲವಂತೆ. ಟೋಪಿ ಕೆಂಪೇ ಇತ್ತು, ನೋಡಿದೆ. ಇನ್ನೊಬ್ಬರು ಮೂಡಲಗಿ ಕಡೆಯವರು, ಮಗನಿಗೆ ಒಂಬತ್ತು ವರ್ಷ, ಅವನಿಗೂ ನನ್ನದೇ ಕಾಯಿಲೆ, ಬೇಸಿಗೆಯಲ್ಲಿ ಅವನನ್ನು ಎಲ್ಲಿಗೂ ಕಳಿಸಿಲ್ಲ ಎಂದರು. ಫ್ರಿಜ್ ಇಲ್ಲದ ಊರಲ್ಲಿ ಹೇಗೆ ಇಟ್ಟೆ ಎಂದು ಕೇಳಿದರು. ಲಗ್ನಪತ್ರಿಕೆಯ ಹಿಂದೆ ದೊಡ್ಡ ಹರವಿ, ಸಣ್ಣ ಗಡಿಗೆ, ನಡುವೆ ಉಸುಕು ಎಂದು ಚಿತ್ರ ಬರೆದುಕೊಟ್ಟೆ. ದಿನಕ್ಕೆ ಎರಡು ಸಲ ಉಸುಕಿಗೆ ನೀರು, ಗಾಳಿಯಾಡುವ ನೆರಳಲ್ಲಿ ಇಡಬೇಕು, ಒಳಗೊಂದು ಥರ್ಮಾಮೀಟರ್ ಇರಲಿ, ಎಷ್ಟು ದಿನ ಇಡಬಹುದೆಂದು ಡಾಕ್ಟರನ್ನು ಕೇಳಿ ಎಂದೂ ಬರೆದೆ. ರಜೆ ಮುಗಿಯುವ ಮೊದಲ ಶುಕ್ರವಾರ ಅವರು ಮಗನನ್ನು ಕರೆದುಕೊಂಡು ನಾನಿಯ ಮನೆಗೇ ಬಂದರು. ಹುಡುಗ ಗಡಿಗೆಯೊಳಗೆ ಕೈ ಹಾಕಿ ‘ಥಂಡಿ ಅದ’ ಎಂದ. ನಾನಿ ಅವನಿಗೆ ಮಾವಿನ ಹಣ್ಣು ಕೊಡಬಹುದೇ ಎಂದು ನನ್ನ ಮುಖ ನೋಡಿದರು. ಮೊದಲು ಅವನ ಬೆರಳು ಚುಚ್ಚಿ ನೋಡೋಣ ಎಂದೆ. 134 ಇತ್ತು. ಎರಡು ಹೋಳು ಕೊಟ್ಟೆವು.